ವಿಡಿಯೊ ಸಂಪಾದನಾ ತಂತ್ರಾಂಶಗಳ ದೋಷಸಂದೇಶಗಳು

ವಿಡಿಯೊ ಸಂಪಾದನಾ ತಂತ್ರಾಂಶಗಳ ದೋಷಸಂದೇಶಗಳು ಎಂದರೆ ದೃಶ್ಯಗಳನ್ನು ಕತ್ತರಿಸಿ, ಜೋಡಿಸಿ, ಅಂತಿಮ ಕಡತವಾಗಿ ಹೊರತರುವ ಕಾರ್ಯದಲ್ಲಿ ಅಡಚಣೆ ಉಂಟಾದಾಗ ಆ ತಂತ್ರಾಂಶಗಳು ಬಳಕೆದಾರರಿಗೆ ನೀಡುವ ಸೂಚನೆಗಳು. ಇವು ಸಾಮಾನ್ಯವಾಗಿ ಒಂದು ಸಣ್ಣ ವಾಕ್ಯ, ಒಂದು ಸಂಖ್ಯಾಸಂಕೇತ ಅಥವಾ ಇವೆರಡೂ ಸೇರಿದ ರೂಪದಲ್ಲಿರುತ್ತವೆ. ಕೆಲಸ ಎಲ್ಲಿ ನಿಂತಿತು ಎಂಬುದನ್ನು ಇವು ತಿಳಿಸುತ್ತವೆ. ದೋಷ ಎಲ್ಲಿ ಹುಟ್ಟಿತು ಎಂಬುದನ್ನು ಬಹುತೇಕ ತಿಳಿಸುವುದಿಲ್ಲ. ಇವು ಅಸ್ಪಷ್ಟವೆನಿಸಲು ಈ ಅಂತರವೇ ಮುಖ್ಯ ಕಾರಣ.

ಹಿನ್ನೆಲೆ

ಫಿಲ್ಮ್ ಸುರುಳಿಯನ್ನು ಕೈಯಿಂದ ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿ ಹರಿದ ಜೋಡಣೆ ಸಂಪಾದಕನ ಕಣ್ಣಿಗೇ ಕಾಣುತ್ತಿತ್ತು. 1989ರಲ್ಲಿ ಆವಿಡ್ ಸಂಸ್ಥೆಯ ಮೀಡಿಯಾ ಕಂಪೋಸರ್, 1991ರಲ್ಲಿ ಅಡೋಬಿ ಪ್ರೀಮಿಯರ್ ಮತ್ತು 1999ರಲ್ಲಿ ಆಪಲ್‌ನ ಫೈನಲ್ ಕಟ್ ಪ್ರೊ ಬಂದ ಮೇಲೆ ಸಂಪಾದನೆ ಕ್ರಮೇಣ ಗಣಕಯಂತ್ರಕ್ಕೆ ವರ್ಗಾವಣೆಗೊಂಡಿತು. ಆಗ ಸಂಪಾದಕನಿಗೂ ದೋಷಕ್ಕೂ ನಡುವೆ ಹಲವು ಪದರಗಳು ಬಂದವು. ಪರದೆಯ ಮೇಲಿನ ಸಂದೇಶವೇ ದೋಷವನ್ನು ಅರಿಯುವ ಮೊದಲ ದಾರಿಯಾಯಿತು.

ಅಸ್ಪಷ್ಟತೆಗೆ ಕಾರಣಗಳು

ಸಂಪಾದನಾ ತಂತ್ರಾಂಶವು ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಚಿತ್ರವನ್ನು ಸಂಕುಚಿಸುವ ಮತ್ತು ಬಿಡಿಸುವ ಕೊಡೆಕ್, ಗ್ರಾಫಿಕ್ಸ್ ಕಾರ್ಡ್ ಮತ್ತು ಅದರ ಡ್ರೈವರ್, ಪ್ಲಗಿನ್‌ಗಳು, ಕಾರ್ಯಾಚರಣಾ ವ್ಯವಸ್ಥೆ, ಡಿಸ್ಕ್ ಇವೆಲ್ಲವೂ ಅದಕ್ಕೆ ನೆರವಾಗುತ್ತವೆ. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಸಾಲದೆ ಹೋದರೆ ಡ್ರೈವರ್ ಒಂದು ಸಂಖ್ಯೆಯನ್ನು ಹಿಂತಿರುಗಿಸುತ್ತದೆ. ಅದನ್ನು ಪಡೆದ ಕೊಡೆಕ್ ‘ಕೆಲಸ ವಿಫಲ’ ಎಂದಷ್ಟೇ ಮುಂದಕ್ಕೆ ತಿಳಿಸುತ್ತದೆ. ಮೂಲ ಕಾರಣ ಕೈಬಿಟ್ಟುಹೋದ ಮೇಲೆ, ಮೇಲಿನ ಪದರದಲ್ಲಿರುವ ತಂತ್ರಾಂಶಕ್ಕೆ ‘ಅಜ್ಞಾತ ದೋಷ’ ಎಂದು ಹೇಳುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ.

ಸಂಖ್ಯಾಸಂಕೇತಗಳು ಮೂಲತಃ ತಂತ್ರಾಂಶ ರಚಿಸುವವರ ಅನುಕೂಲಕ್ಕಾಗಿ ಹುಟ್ಟಿದವು. ಬಳಕೆದಾರನಿಗೆ ಅವು ಅರ್ಥವಾಗುವಂತೆ ರೂಪುಗೊಂಡಿಲ್ಲ. ಬಳಕೆಯ ಸೌಲಭ್ಯವನ್ನು ಅಧ್ಯಯನ ಮಾಡಿದ ಯಾಕೊಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳಲ್ಲಿ ಒಂಬತ್ತನೆಯದು ಇದೇ ವಿಷಯಕ್ಕೆ ಸಂಬಂಧಿಸಿದೆ. ದೋಷಸಂದೇಶವು ಸರಳ ಭಾಷೆಯಲ್ಲಿರಬೇಕು, ಸಮಸ್ಯೆಯನ್ನು ನಿಖರವಾಗಿ ಗುರುತಿಸಬೇಕು ಮತ್ತು ಪರಿಹಾರವನ್ನು ಸೂಚಿಸಬೇಕು ಎಂಬುದು ಅದರ ಸಾರ.

ಸಾಮಾನ್ಯ ಉದಾಹರಣೆಗಳು

• ಎರರ್ ಕಂಪೈಲಿಂಗ್ ಮೂವಿ: ಪ್ರೀಮಿಯರ್ ಪ್ರೊದಲ್ಲಿ ಅಂತಿಮ ಕಡತ ಸಿದ್ಧವಾಗದಿದ್ದಾಗ ಬರುವ ಸಂದೇಶ. ಹಿಂದಿನ ಆವೃತ್ತಿಗಳಲ್ಲಿ ಇದರ ಜೊತೆಗೆ ‘ಅನ್‌ನೋನ್ ಎರರ್’ ಎಂದಷ್ಟೇ ಇರುತ್ತಿತ್ತು. ನಂತರದ ಆವೃತ್ತಿಗಳು ದೋಷ ಸಂಭವಿಸಿದ ಟೈಮ್‌ಕೋಡ್, ಸಂಬಂಧಿಸಿದ ಘಟಕ ಮತ್ತು ಸಂಕೇತಸಂಖ್ಯೆಯನ್ನೂ ನೀಡುತ್ತವೆ. ಇವುಗಳಲ್ಲಿ ಬಳಕೆದಾರನಿಗೆ ಹೆಚ್ಚು ಉಪಯುಕ್ತವಾದುದು ಟೈಮ್‌ಕೋಡ್.

• ಮೀಡಿಯಾ ಆಫ್‌ಲೈನ್: ಟೈಮ್‌ಲೈನ್‌ನಲ್ಲಿರುವ ತುಣುಕಿನ ಮೂಲ ಕಡತ ತಂತ್ರಾಂಶಕ್ಕೆ ದೊರೆಯುತ್ತಿಲ್ಲ ಎಂಬ ಸೂಚನೆ. ಕಡತವನ್ನು ಸ್ಥಳಾಂತರಿಸಿದಾಗ, ಅದರ ಹೆಸರು ಬದಲಿಸಿದಾಗ ಅಥವಾ ಹೊರಗಿನ ಡಿಸ್ಕ್ ಜೋಡಿಸದಿದ್ದಾಗ ಕಾಣಿಸುತ್ತದೆ. ದೃಶ್ಯ ಅಳಿಸಿಹೋಗಿದೆ ಎಂದು ಇದರ ಅರ್ಥವಲ್ಲ.

• ಮೂವ್ ಆಟಮ್ ನಾಟ್ ಫೌಂಡ್: 2000ದಲ್ಲಿ ಆರಂಭವಾದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ನೀಡುವ ಸಂದೇಶ. ಎಂಪಿ4 ಕಡತದಲ್ಲಿ ‘ಮೂವ್’ ಎಂಬ ಭಾಗವು ಪುಸ್ತಕದ ವಿಷಯಸೂಚಿಯಂತೆ ಕೆಲಸ ಮಾಡುತ್ತದೆ. ಅನೇಕ ಕ್ಯಾಮೆರಾಗಳು ಅದನ್ನು ಚಿತ್ರೀಕರಣ ಮುಗಿದ ಮೇಲೆ ಬರೆಯುತ್ತವೆ. ನಡುವೆ ಬ್ಯಾಟರಿ ಮುಗಿದರೆ ದೃಶ್ಯಗಳ ದತ್ತಾಂಶ ಉಳಿದಿರುತ್ತದೆ, ಸೂಚಿ ಮಾತ್ರ ಇರುವುದಿಲ್ಲ. ಅದೇ ಕ್ಯಾಮೆರಾದ ಸರಿಯಾದ ಇನ್ನೊಂದು ಕಡತವನ್ನು ಮಾದರಿಯಾಗಿ ಬಳಸಿ ಇಂತಹ ಕಡತವನ್ನು ಸರಿಪಡಿಸಲು ಅನ್‌ಟ್ರಂಕ್‌ನಂತಹ ಸಾಧನಗಳು ಯತ್ನಿಸುತ್ತವೆ.

• ಕಡತ ಬರೆಯಲಾಗದು ಎಂಬ ಸಂದೇಶ: ಡಿಸ್ಕ್‌ನಲ್ಲಿ ಜಾಗ ಇದ್ದರೂ ಬರಬಹುದು. ಫ್ಯಾಟ್32 ವಿನ್ಯಾಸದ ಪೆನ್‌ಡ್ರೈವ್‌ನಲ್ಲಿ 4 ಗಿಗಾಬೈಟ್ ಅಥವಾ ಅದಕ್ಕಿಂತ ದೊಡ್ಡ ಒಂದೇ ಕಡತ ಹಿಡಿಸುವುದಿಲ್ಲ.

ಮೌನ ದೋಷಗಳು

ಯಾವ ಸಂದೇಶವನ್ನೂ ನೀಡದೆ ಉಂಟಾಗುವ ದೋಷಗಳು ಹೆಚ್ಚು ಹಾನಿಕರ. ಅನೇಕ ಮೊಬೈಲ್ ಫೋನ್‌ಗಳು ಸೆಕೆಂಡಿಗೆ ದಾಖಲಿಸುವ ಚೌಕಟ್ಟುಗಳ ಸಂಖ್ಯೆಯನ್ನು ಚಿತ್ರೀಕರಣದ ನಡುವೆ ಬದಲಿಸುತ್ತವೆ. ಇಂತಹ ಕಡತಗಳಲ್ಲಿ ಮಾತು ಮತ್ತು ತುಟಿಯ ಚಲನೆ ನಿಧಾನವಾಗಿ ಬೇರ್ಪಡಬಹುದು.

ಕನ್ನಡ ಶೀರ್ಷಿಕೆಗಳಲ್ಲಿಯೂ ಈ ಬಗೆಯ ದೋಷವಿದೆ. ಒತ್ತಕ್ಷರ ಮತ್ತು ಗುಣಿತಾಕ್ಷರಗಳು ಸರಿಯಾಗಿ ಮೂಡಲು ತಂತ್ರಾಂಶವು ಅಕ್ಷರಗಳನ್ನು ಲಿಪಿಯ ನಿಯಮದಂತೆ ಕೂಡಿಸಬೇಕು. ಆ ಸಾಮರ್ಥ್ಯವಿಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಆದರೆ ತಂತ್ರಾಂಶದ ದೃಷ್ಟಿಯಲ್ಲಿ ಅದು ದೋಷವೇ ಅಲ್ಲ. ಪ್ರೀಮಿಯರ್ ಪ್ರೊದ ಕೆಲವು ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗಾಗಿ ಇರುವ ಆಯ್ಕೆಯನ್ನು ಬಳಕೆದಾರನೇ ಆರಿಸಿಕೊಳ್ಳಬೇಕಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬರೆದ ಪಠ್ಯವು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುತ್ತದೆ.

ದೋಷ ಪತ್ತೆಯ ಕ್ರಮ

ಸಂದೇಶ ಅಸ್ಪಷ್ಟವಾಗಿದ್ದಾಗ ಒಂದೊಂದೇ ಸಾಧ್ಯತೆಯನ್ನು ಬೇರ್ಪಡಿಸಿ ಪರೀಕ್ಷಿಸುವುದು ರೂಢಿಯಲ್ಲಿರುವ ವಿಧಾನ.

1. ಯೋಜನಾ ಕಡತದ ಪ್ರತಿಯನ್ನು ಉಳಿಸಿಕೊಂಡು, ಸಂದೇಶವನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳಲಾಗುತ್ತದೆ.

2. ಸಂದೇಶದಲ್ಲಿ ಟೈಮ್‌ಕೋಡ್ ಇಲ್ಲದಿದ್ದರೆ ಟೈಮ್‌ಲೈನನ್ನು ಅರ್ಧ ಮಾಡಿ, ಎರಡು ಭಾಗಗಳನ್ನೂ ಬೇರೆಬೇರೆಯಾಗಿ ಹೊರತರಲಾಗುತ್ತದೆ. ವಿಫಲವಾದ ಭಾಗವನ್ನು ಮತ್ತೆ ಅರ್ಧ ಮಾಡಲಾಗುತ್ತದೆ. 20 ನಿಮಿಷಗಳ ವಿಡಿಯೊದಲ್ಲಿ ಐದು ಬಾರಿ ಹೀಗೆ ಮಾಡಿದರೆ ದೋಷವಿರುವ ಭಾಗವು ಒಂದು ನಿಮಿಷಕ್ಕಿಂತ ಕಡಿಮೆಗೆ ಇಳಿಯುತ್ತದೆ.

3. ಆ ಭಾಗದ ಪರಿಣಾಮಗಳನ್ನು ಒಂದೊಂದಾಗಿ ತೆಗೆದು ನೋಡಲಾಗುತ್ತದೆ. ಅದರಿಂದ ಫಲ ಸಿಗದಿದ್ದರೆ ಮೂಲ ತುಣುಕನ್ನು ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ನಂತಹ ಸಂಪಾದನಾಸ್ನೇಹಿ ಕೊಡೆಕ್‌ಗೆ ಪರಿವರ್ತಿಸಲಾಗುತ್ತದೆ.

4. ಗ್ರಾಫಿಕ್ಸ್ ಕಾರ್ಡಿನ ನೆರವನ್ನು ತಡೆದು, ಮುಖ್ಯ ಪ್ರೊಸೆಸರ್‌ನಿಂದಲೇ ಕಡತವನ್ನು ಹೊರತರಲಾಗುತ್ತದೆ. ಇದು ಯಶಸ್ವಿಯಾದರೆ ಕಾರ್ಡಿನ ಮೆಮೊರಿ ಅಥವಾ ಡ್ರೈವರ್‌ನ ಮೇಲೆ ಸಂಶಯ ಬಲವಾಗುತ್ತದೆ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡುವುದು ಈ ಕ್ರಮದ ಮುಖ್ಯ ನಿಯಮ. ಹಲವನ್ನು ಒಟ್ಟಿಗೆ ಬದಲಿಸಿದರೆ ದೋಷ ನಿವಾರಣೆಯಾದರೂ ಅದರ ಕಾರಣ ತಿಳಿಯುವುದಿಲ್ಲ. ಇತರರ ನೆರವು ಕೋರುವಾಗ ಸಂದೇಶದ ಪೂರ್ಣ ಪಾಠ, ತಂತ್ರಾಂಶದ ಆವೃತ್ತಿ, ಕಾರ್ಯಾಚರಣಾ ವ್ಯವಸ್ಥೆ, ಗ್ರಾಫಿಕ್ಸ್ ಕಾರ್ಡ್ ಮತ್ತು ಮೂಲ ಕಡತದ ಕೊಡೆಕ್ ಇವಿಷ್ಟನ್ನೂ ತಿಳಿಸುವುದು ಅವಶ್ಯ.

ಮುನ್ನೆಚ್ಚರಿಕೆ

ವಿಫಲವಾದ ಸಂಪಾದನೆಯನ್ನು ಮತ್ತೆ ಮಾಡಬಹುದು. ಮದುವೆ, ಸಂದರ್ಶನ ಅಥವಾ ಕ್ಷೇತ್ರಕಾರ್ಯದ ಮೂಲ ಚಿತ್ರೀಕರಣವನ್ನು ಮತ್ತೆ ಮಾಡಲಾಗದು. ಆದುದರಿಂದ ಮೂಲ ಕಡತಗಳ ಎರಡು ಪ್ರತಿಗಳು ತೆರೆದು ಪರೀಕ್ಷಿತವಾಗುವವರೆಗೆ ಕ್ಯಾಮೆರಾ ಕಾರ್ಡನ್ನು ಅಳಿಸಬಾರದು. ಕಡತ ಹಾಳಾಗಿರುವುದು ಕಂಡುಬಂದಲ್ಲಿ ಅದೇ ಕಾರ್ಡಿನಲ್ಲಿ ಚಿತ್ರೀಕರಣ ಮುಂದುವರಿಸಬಾರದು, ಏಕೆಂದರೆ ಹೊಸ ದತ್ತಾಂಶವು ಮರುಪಡೆಯಬಹುದಾದ ಹಳೆಯ ದತ್ತಾಂಶದ ಜಾಗವನ್ನು ಆಕ್ರಮಿಸಬಹುದು.