ರೀಲಿನ ಡಬ್ಬಿ

ಭಾನುವಾರ ಬೆಳಗಿನ ಆಟಕ್ಕೆಂದು ಕಂಕುಳಲ್ಲಿ ಮಗು, ಚೀಲದಲ್ಲಿ ಚಕ್ಕುಲಿಯ ಪೊಟ್ಟಣ ಇಟ್ಟುಕೊಂಡು ಲೋಕಲ್ ಗಾಡಿ ಹತ್ತುತ್ತಿದ್ದ ದಿನಗಳನ್ನು ಮುಂಬಯಿಯ ನಮ್ಮ ಹಿರಿಯ ಸದಸ್ಯರು ಮರೆತಿರಲಾರರು. ಹೊಸ ಚಿತ್ರವೇನಲ್ಲ, ಬೆಂಗಳೂರಿನಲ್ಲಿ ಓಡಿ, ಊರೂರು ಸುತ್ತಿ, ಮೈತುಂಬ ಗೀರು ಬಿದ್ದ ಪ್ರಿಂಟು. ಅದೂ ತಗಡಿನ ಡಬ್ಬಿಗಳಲ್ಲಿ ರೈಲು ಹತ್ತಿ ಬರಬೇಕು. ಒಮ್ಮೆ ನಮ್ಮ ಉಪನಗರದ ಟಾಕೀಸೊಂದರಲ್ಲಿ, ಕನ್ನಡ ತಿಳಿಯದ ಆಪರೇಟರು ಎಂಟನೆಯ ರೀಲಿಗೆ ಮೊದಲೇ ಒಂಬತ್ತನೆಯದನ್ನು ಏರಿಸಿಬಿಟ್ಟ. ಸತ್ತ ತಂದೆ ಹತ್ತು ನಿಮಿಷ ಕಳೆದು ಎದ್ದು ಬಂದು ಮಗನಿಗೆ ಬುದ್ಧಿ ಹೇಳಿದ! ನಕ್ಕೆವೇ ಹೊರತು ಯಾರೂ ಎದ್ದು ಹೋಗಲಿಲ್ಲ. ಮುಂದಿನ ಕನ್ನಡ ಚಿತ್ರ ಎಂದು ಬರುವುದೋ ಯಾರು ಬಲ್ಲರು?

35 ಮಿಲಿಮೀಟರ್ ಅಗಲದ ಆ ಸುರುಳಿ ಸೆಕೆಂಡಿಗೆ 24 ಚಿತ್ರಗಳಂತೆ, ನಿಮಿಷಕ್ಕೆ 90 ಅಡಿ ಓಡುತ್ತಿತ್ತು. ಎರಡೂವರೆ ಗಂಟೆಯ ಚಿತ್ರವೆಂದರೆ 13,500 ಅಡಿ. ಇಷ್ಟು ಭಾರ ಹೊತ್ತು ಊರು ಬಿಟ್ಟವರಿದ್ದಲ್ಲಿಗೆ ಬರುತ್ತಿತ್ತು ಕನ್ನಡ.

ಹಾಗೆ ನೋಡಿದರೆ ಕನ್ನಡದ ಮೊದಲ ವಾಕ್ಚಿತ್ರವೇ ಪರಸ್ಥಳದಲ್ಲಿ ತಯಾರಾದದ್ದು. 'ಸತಿ ಸುಲೋಚನಾ'ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಹಣ ಹಾಕಿದವರು ಚಮನ್‌ಲಾಲ್ ಡುಂಗಾಜಿ, ನಿರ್ದೇಶನ ವೈ. ವಿ. ರಾವ್, ಸಾಹಿತ್ಯ ಬೆಳ್ಳಾವೆ ನರಹರಿ ಶಾಸ್ತ್ರಿಗಳದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ, ರಾವಣನಾಗಿ ಆರ್. ನಾಗೇಂದ್ರರಾವ್. ನಾಟಕದ ಮಂದಿ ಗಂಟುಮೂಟೆ ಕಟ್ಟಿಕೊಂಡು ಮರಾಠಿ ಊರಿಗೆ ಹೋಗಿ ಕನ್ನಡ ಮಾತನ್ನು ಯಂತ್ರಕ್ಕೆ ಒಪ್ಪಿಸಿಬಂದರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಚಿತ್ರ ತೆರೆ ಕಂಡಿತು.

ಇಂದು ಆ ಚಿತ್ರದ ಒಂದು ಪ್ರತಿಯೂ ಸಿಗದು. ಹಿಂದಿಯವರ ಮೊದಲ ವಾಕ್ಚಿತ್ರ, 1931ರ 'ಆಲಂ ಆರಾ'ದ ಗತಿಯೂ ಅದೇ. ಅಂದಿನ ಫಿಲ್ಮು ನೈಟ್ರೇಟಿನದು. ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಉರಿಯದೆ ಉಳಿದದ್ದು ತಾನಾಗಿ ಕೊಳೆಯುತ್ತಿತ್ತು. ಇನ್ನೊಂದು ಕಾರಣ ನಮ್ಮದೇ. ಕಪ್ಪುಬಿಳುಪು ಚಿತ್ರ ಮೂಡುವುದು ಬೆಳ್ಳಿಯಿಂದ. ಓಟ ಮುಗಿದ ರೀಲುಗಳನ್ನು ಕರಗಿಸಿ ಆ ಬೆಳ್ಳಿ ತೆಗೆದು ಮಾರುತ್ತಿದ್ದರು. ಅವರನ್ನು ಬೈದು ಫಲವಿಲ್ಲ. ಸಾಲ ತೀರಿಸಬೇಕಾದ ನಿರ್ಮಾಪಕನಿಗೆ ಹಳೆಯ ಚಿತ್ರವೆಂದರೆ ಜಾಗ ತಿನ್ನುವ ಸಾಮಾನು. ಫಿಲ್ಮುಗಳನ್ನು ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದು 1964ರಲ್ಲಿ, ಅಂದರೆ 'ಸತಿ ಸುಲೋಚನಾ' ಬಂದು ಮೂವತ್ತು ವರ್ಷಗಳಾದ ಮೇಲೆ. ಅಲ್ಲಿಯೂ 2003ರ ಜನವರಿಯಲ್ಲಿ ಬೆಂಕಿ ಬಿದ್ದು ಹಲವು ನೈಟ್ರೇಟ್ ರೀಲುಗಳು ಬೂದಿಯಾದವು.

2010ರ ದಶಕದ ಮೊದಲರ್ಧದಲ್ಲಿ ನಮ್ಮ ಚಿತ್ರಮಂದಿರಗಳಿಂದ ರೀಲೇ ಮಾಯವಾಯಿತು. ಈಗ ಬೆಂಗಳೂರಿನ ಚಿತ್ರ ಪುಣೆ, ಚೆನ್ನೈ, ದೆಹಲಿಗಳಲ್ಲಿ ಅದೇ ಶುಕ್ರವಾರ ಬಿಡುಗಡೆಯಾಗಬಹುದು. 2022ರಲ್ಲಿ 'ಕಾಂತಾರ' ಬಂದಾಗ ಪಕ್ಕದ ಮನೆಯ ಮರಾಠಿ ಗೃಹಸ್ಥರು ನನಗಿಂತ ಮೊದಲೇ ನೋಡಿ ಬಂದು, ಭೂತಕೋಲವೆಂದರೇನೆಂದು ನನ್ನನ್ನೇ ಕೇಳಿದರು. ಬಯಲುಸೀಮೆಯವನಾದ ನಾನು ತಡವರಿಸಿದೆ ಎಂಬುದು ಬೇರೆ ಮಾತು. ಮೊಮ್ಮಗಳಿಗಂತೂ ಚಿತ್ರವೆಂದರೆ ಅಂಗೈ ಅಗಲದ ಫೋನು. ನಡುವೆ ನಿಲ್ಲಿಸಿ ಊಟ ಮಾಡಿ ಬಂದು ಮುಂದುವರಿಸುತ್ತಾಳೆ.

ಈ ಹೊಸ ವಿದ್ಯೆಯಿಂದ ಹಳೆಯದಕ್ಕೂ ಜೀವ ಬಂದದ್ದುಂಟು. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ'ವನ್ನು ಒಂದೊಂದೇ ಚೌಕಟ್ಟು ಶುದ್ಧಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮೂಲ ನೆಗೆಟಿವ್ ಉಳಿದಿತ್ತು, ಆದ್ದರಿಂದ ಸಾಧ್ಯವಾಯಿತು. ಇಲ್ಲದ್ದನ್ನು ಯಾವ ಯಂತ್ರ ತಂದುಕೊಟ್ಟೀತು? ಹಾರ್ಡ್ ಡಿಸ್ಕೂ ಅಮೃತ ಕುಡಿದು ಬಂದದ್ದಲ್ಲ. ನನ್ನದೊಂದು ಹೋದ ವರ್ಷ ಮಗಳ ಮದುವೆಯ ವೀಡಿಯೋ ಸಮೇತ ಮೂಕವಾಯಿತು.

ನಮ್ಮ ತಂದೆಯವರ ಟ್ರಂಕಿನಲ್ಲಿ ಹಳೆಯ ಚಿತ್ರಗಳ ಹಾಡಿನ ಪುಸ್ತಕಗಳಿವೆ, ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದಂಥವು. ಮೊಮ್ಮಗಳು ಫೋನಿನಲ್ಲಿ ಪುಟಪುಟವನ್ನೂ ಫೋಟೋ ತೆಗೆಯುತ್ತಿದ್ದಾಳೆ. ಇದುವರೆಗೆ ಹನ್ನೊಂದು ಮುಗಿದಿವೆ. ಹನ್ನೆರಡನೆಯದರ ರಕ್ಷಾಪುಟವನ್ನು ಹುಳ ತಿಂದಿದೆ; ಯಾವ ಚಿತ್ರದ್ದೆಂದು ತಿಳಿಯಲು ಹಾಡುಗಳನ್ನು ನಾನು ಗುನುಗಿ ನೋಡುತ್ತಿದ್ದೇನೆ.