ಮೂಲ ಹೇಳುವ ಸಾಕ್ಷಿ: ಅಂಗಾಂಶದಲ್ಲಿ ಪಿಎಸ್‌ಎ ಪ್ರತಿಕಾಯ ಮತ್ತು ಅದರ ಮಿತಿ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಷ್ಟೋ ಸಲ ತಾನು ಹುಟ್ಟಿದ ಜಾಗದಲ್ಲಿ ಸುಳಿವು ಕೊಡದೆ ಬೆನ್ನೆಲುಬಿನಲ್ಲೋ ಸೊಂಟದ ಮೂಳೆಯಲ್ಲೋ ಮೊದಲು ಕಾಣಿಸಿಕೊಳ್ಳುತ್ತದೆ. ಹಾನಗಲ್ ತಾಲೂಕಿನ ಆಡೂರಿನಂಥ ಊರಿನಲ್ಲಿ ಅದನ್ನು ಹೊಲದ ದುಡಿಮೆಯ ನೋವೆಂದು ತಿಂಗಳುಗಟ್ಟಲೆ ತಳ್ಳಿಬಿಡುವುದು ಸುಲಭ. ಮೂಳೆಯಿಂದ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕೋಶಗಳಿವೆಯೆಂದು ಮಾಮೂಲಿ ಬಣ್ಣ ಹಾಕಿದ ಸ್ಲೈಡೇ ಹೇಳುತ್ತದೆ. ಆದರೆ ಅವು ಶ್ವಾಸಕೋಶದಿಂದ ಬಂದವೋ, ಜಠರದಿಂದಲೋ, ಪ್ರಾಸ್ಟೇಟಿನಿಂದಲೋ ಎಂಬುದು ಅದರಿಂದ ಬಹಳ ಸಲ ತಿಳಿಯದು. ಪಿಎಸ್‌ಎ ಎಂಬ ಕಿಣ್ವಕ್ಕೆ ಅಂಟಿಕೊಂಡು, ಅದಿರುವ ಕೋಶಗಳನ್ನು ಕಂದು ಬಣ್ಣದಲ್ಲಿ ತೋರಿಸುವ ಪ್ರತಿಕಾಯ ಬೇಕಾಗುವುದು ಇಲ್ಲಿ. ರೋಗಿಯ ಮಟ್ಟಿಗೆ ಈ ಉತ್ತರ ದೊಡ್ಡದು. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿದ್ದರು. ಶ್ವಾಸಕೋಶದಿಂದಲೋ ಜಠರದಿಂದಲೋ ಹರಡಿದ ರೋಗಕ್ಕೆ ಆ ಚಿಕಿತ್ಸೆ ನಾಟದು. ಈ ಪ್ರತಿಕಾಯ ಹೇಳುವುದು ಕೋಶದ ಮೂಲವನ್ನು ಮಾತ್ರ, ಅದರ ಮಾರಕತೆಯನ್ನಲ್ಲ. ಆ ಮಾತನ್ನೂ ಎಷ್ಟು ನಂಬಬಹುದೆಂಬುದು ಪ್ರತಿಕಾಯದ ಗುಣಮಟ್ಟಕ್ಕಿಂತ ಹೆಚ್ಚಾಗಿ ಚೂರು ಮೊದಲ ದಿನ ಬಿದ್ದ ಡಬ್ಬಿಯನ್ನು ಅವಲಂಬಿಸಿದೆ.

ಮೊದಲ ಮಾತಿಗೆ ಎದುರಾಗುವುದು ರಕ್ತಪರೀಕ್ಷೆಯಿಂದ ಬಂದ ಗೊಂದಲ. ರಕ್ತದಲ್ಲಿ ಪಿಎಸ್‌ಎ ಏರಿದರೆ ಕ್ಯಾನ್ಸರಿನ ಶಂಕೆ ಹುಟ್ಟುತ್ತದೆ, ಹಾಗಿರುವಾಗ ಅಂಗಾಂಶದಲ್ಲಿ ಕಂಡರೆ ಅದು ರುಜುವಾತಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಆಗಲಿಲ್ಲ. ಪಿಎಸ್‌ಎ ಕ್ಯಾನ್ಸರಿನ ಸೃಷ್ಟಿಯಲ್ಲ; ಹೆಪ್ಪಾದ ವೀರ್ಯವನ್ನು ತೆಳುವಾಗಿಸಲು ಆರೋಗ್ಯವಂತ ಪ್ರಾಸ್ಟೇಟೇ ಸ್ರವಿಸುವ, ಪ್ರೋಟೀನು ಕತ್ತರಿಸುವ ಕಿಣ್ವ. ವಯಸ್ಸಾದಂತೆ ಉಬ್ಬಿದ ನಿರಪಾಯ ಗ್ರಂಥಿಯೂ ಅಷ್ಟೇ ಗಾಢವಾಗಿ ಕಂದಾಗುತ್ತದೆ. ಗ್ರಂಥಿಯೊಳಗಿನ ಚೂರಿನಲ್ಲಿ ಈ ಕಂದು ಕಂಡರೆ ಹೊಸದೇನೂ ತಿಳಿಯುವುದಿಲ್ಲ. ಅಲ್ಲಿ ಕ್ಯಾನ್ಸರನ್ನು ನಿರ್ಧರಿಸಲು ಗ್ರಂಥಿಯ ಆಕಾರ ನೋಡಬೇಕು, ತಳಕೋಶಗಳು ಉಳಿದಿವೆಯೇ ಎಂದು ಪಿ63ರಂಥ ಪ್ರತಿಕಾಯದಿಂದ ಪರೀಕ್ಷಿಸಬೇಕು. ಅದೇ ಕಂದು ಬೆನ್ನೆಲುಬಿನಲ್ಲಿ ಕಂಡಾಗ ಮಾತ್ರ ಅರ್ಥ ಪೂರ್ತಿ ಬದಲಾಗುತ್ತದೆ, ಏಕೆಂದರೆ ಪ್ರಾಸ್ಟೇಟಿನ ಕೋಶಕ್ಕೆ ಅಲ್ಲೇನೂ ಕೆಲಸವಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು: ಮೂಲದ ವಿಷಯದಲ್ಲೂ ಈ ಸಾಕ್ಷಿ ತಪ್ಪುತ್ತದೆ. ನಿಜ. ಲಾಲಾಗ್ರಂಥಿಯ ಮತ್ತು ಸ್ತನದ ಕೆಲವು ಗಡ್ಡೆಗಳಲ್ಲಿ ಪಿಎಸ್‌ಎ ಕಾಣಿಸಿಕೊಂಡದ್ದುಂಟು. ಇನ್ನೊಂದೆಡೆ, ತೀರ ವಿಕೃತಗೊಂಡ ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ಹಾರ್ಮೋನು ಚಿಕಿತ್ಸೆಯಾದ ಮೇಲೂ ಪಿಎಸ್‌ಎ ಕುಗ್ಗಬಹುದು, ಇಲ್ಲವಾಗಲೂಬಹುದು. ಇದಕ್ಕೆ ಪರಿಹಾರ ಪಿಎಸ್‌ಎಯನ್ನು ಕೈಬಿಡುವುದಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಸಾಕ್ಷಿಯನ್ನು ನಿಲ್ಲಿಸುವುದು. 1938ರಲ್ಲಿ ಗುಟ್‌ಮನ್ ದಂಪತಿ ರೋಗ ಮೂಳೆಗೆ ಹರಡಿದವರ ರಕ್ತದಲ್ಲಿ ಏರಿದ್ದನ್ನು ಗುರುತಿಸಿದ ಆಸಿಡ್ ಫಾಸ್ಫಟೇಸ್ ಕಿಣ್ವ ರಕ್ತಪರೀಕ್ಷೆಯಾಗಿ ಹಳತಾಯಿತು. ಅಂಗಾಂಶದಲ್ಲಿ ಅದರ ಪ್ರತಿಕಾಯ ಇಂದಿಗೂ ಉಪಯುಕ್ತ. ಆದರೆ ಅದು ಗುದನಾಳದ ಕಾರ್ಸಿನಾಯ್ಡ್ ಗಡ್ಡೆಯಲ್ಲೂ ಬಣ್ಣ ಕೊಡುತ್ತದೆ. ಎರಡರ ದೋಷಗಳೂ ಒಂದೇ ಕಡೆ ಬೀಳುವುದು ಅಪರೂಪ ಎಂಬುದರಲ್ಲೇ ಜೋಡಿಯ ಬಲವಿದೆ. ಕೋಶಕೇಂದ್ರದಲ್ಲಿ ಬಣ್ಣ ಕೊಡುವ ಎನ್‌ಕೆಎಕ್ಸ್3.1 ಸೇರಿದರೆ ಇನ್ನೂ ಒಳ್ಳೆಯದು.

ಮಾದರಿಯ ಆರೈಕೆಗೆ ಬಂದರೆ ತಂತ್ರಜ್ಞರು ಒಂದು ಉತ್ತರ ಕೊಡುತ್ತಾರೆ: 1991ರಿಂದ ಬಳಕೆಗೆ ಬಂದ ಕ್ರಮದಂತೆ ಸೆಕ್ಷನ್ನನ್ನು ದ್ರಾವಣದಲ್ಲಿಟ್ಟು ಬಿಸಿ ಮಾಡಿದರೆ, ಚೂರು ಕೆಡದಂತೆ ಇಡುವ ಫಾರ್ಮಲಿನ್ ಮುಚ್ಚಿದ್ದು ತೆರೆದುಕೊಳ್ಳುತ್ತದೆ, ಡಬ್ಬಿಯ ಚಿಂತೆ ಯಾಕೆ? ಬಿಸಿ ಮಾಡುವುದರಿಂದ ಬಿಚ್ಚುವುದು ಫಾರ್ಮಲಿನ್ ಹಾಕಿದ ಗಂಟನ್ನು; ಫಾರ್ಮಲಿನ್ ಬದಲು ಸಲೈನಿನಲ್ಲಿಟ್ಟು ಕೊಳೆತು ಹೋದ ಪ್ರೋಟೀನು ಅದರಿಂದ ಮರಳಿ ಬಾರದು. ಮಣ್ಣು ಮೆತ್ತಿದ ಅಕ್ಷರವನ್ನು ತೊಳೆದು ಓದಬಹುದು, ಸವೆದದ್ದನ್ನು ಓದಲಾಗದು. ಬಾದಾಮಿ ಚಾಲುಕ್ಯರ ಶಾಸನವಿರುವ ಆಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂಳೆಯ ಚೂರಿಗೆ ಇನ್ನೊಂದು ಗಂಡಾಂತರವಿದೆ. ಕೊಯ್ಯಲು ಮೆತ್ತಗಾಗಲೆಂದು ಅದನ್ನು ಪ್ರಬಲ ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಪ್ರತಿಕಾಯ ಹುಡುಕುವ ಗುರುತೇ ಹಾಳಾಗುತ್ತದೆ. ಅದೇ ಕೆಲಸಕ್ಕೆ ಇಡಿಟಿಎ ದ್ರಾವಣ ನಿಧಾನಿ, ಆದರೆ ಸುರಕ್ಷಿತ. ಹೀಗೆ ಹಾಳಾದ ಚೂರು ಬಣ್ಣ ಕೊಡದಿದ್ದರೆ ವರದಿಯಲ್ಲಿ ‘ಪಿಎಸ್‌ಎ ಇಲ್ಲ’ ಎಂದು ದಾಖಲಾಗುತ್ತದೆ, ಹಾರ್ಮೋನು ಚಿಕಿತ್ಸೆ ತಪ್ಪುತ್ತದೆ. ಪ್ರತಿ ಸರದಿಯಲ್ಲೂ ಇಡುವ ಪ್ರಾಸ್ಟೇಟಿನ ನಿಯಂತ್ರಣ ಸ್ಲೈಡ್ ಬಣ್ಣ ಕೊಟ್ಟರೂ ಈ ತಪ್ಪು ಬಯಲಾಗದು. ಅದು ದ್ರಾವಣಗಳು ಸರಿಯಿವೆಯೆಂದು ಹೇಳೀತು, ಚೂರು ಸರಿಯಿದೆಯೆಂದಲ್ಲ.

ದುಬಾರಿ ಪ್ರತಿಕಾಯವನ್ನು ಪ್ರತಿ ತಾಲೂಕಿನಲ್ಲಿ ಇಡಬೇಕಿಲ್ಲ. ಆ ಕೆಲಸವನ್ನು ಹುಬ್ಬಳ್ಳಿಯಂಥ ನಗರದ ಪ್ರಯೋಗಾಲಯವೇ ಮಾಡಲಿ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ದವಾಖಾನೆಗಳಲ್ಲಿ ಬಯಾಪ್ಸಿ ತೆಗೆದರೆ ಅಥವಾ ಅಲ್ಲಿಂದ ಕಳಿಸಿದರೆ ಬೇಕಾದದ್ದು ಇಷ್ಟು: ಚೂರಿನ ಕನಿಷ್ಠ 10 ಪಟ್ಟು ಪ್ರಮಾಣದ, ಬಫರ್ ಮಾಡಿದ ಶೇಕಡಾ 10ರ ಫಾರ್ಮಲಿನ್, ಚೂರನ್ನು ಅದಕ್ಕೆ ಹಾಕಿದ ವೇಳೆ ಬರೆದ ಚೀಟಿ, ಹಾರ್ಮೋನು ಚಿಕಿತ್ಸೆ ಆಗಿದೆಯೇ ಎಂಬ ಒಂದು ಸಾಲು. ಇವು ಇಲ್ಲದೆ ಬಂದ ಚೂರಿನಲ್ಲಿ ಬಣ್ಣ ಕಾಣದಿದ್ದರೆ, ಪೆಥಾಲಜಿಸ್ಟ್ ‘ಇಲ್ಲ’ ಎಂದು ಬರೆಯದೆ ‘ನಿರ್ಧರಿಸಲಾಗದು’ ಎಂದೇ ಬರೆಯಬೇಕು.