ರಾಗಿಯ ಹೊಸ ತಳಿಗಳೂ ರೈತನ ವಿವೇಚನೆಯೂ

ರೈತನು ಹಳೆಯ ಜಾಡನ್ನು ಬಿಟ್ಟು ಕದಲನೆಂಬ ಮಾತು ವಿದ್ಯಾವಂತರಲ್ಲಿ ಬಹುಕಾಲದಿಂದ ರೂಢವಾಗಿದೆ. ಮೈಸೂರು ಸೀಮೆಯ ರಾಗಿಯ ಚರಿತ್ರೆಯನ್ನು ಪರಿಶೀಲಿಸಿದರೆ ಈ ಮಾತು ನಿಲ್ಲತಕ್ಕದ್ದಾಗಿ ತೋರುವುದಿಲ್ಲ.

ಬೀಜಶುದ್ಧಿಯ ವಿಚಾರವು ಭಾರತೀಯರಿಗೆ ನೂತನವಲ್ಲ. ಕೃಷಿಪರಾಶರವೆಂಬ ಸಂಸ್ಕೃತ ಗ್ರಂಥವು ಬೀಜವನ್ನು ಮಾಘ ಫಾಲ್ಗುನಗಳಲ್ಲಿ ಸಂಗ್ರಹಿಸಿ ಬಿಸಿಲಿನಲ್ಲಿ ಒಣಗಿಸಬೇಕೆಂದೂ, ಏಕರೂಪವಾದ ಬೀಜವೇ ಫಲಪ್ರದವೆಂದೂ, ಬೆರಕೆಯ ಬೀಜವು ದೋಷಕರವೆಂದೂ ವಿಧಿಸುತ್ತದೆ. ಲೆಸ್ಲಿ ಕೋಲ್ಮನ್ನರ ಮೇಲ್ವಿಚಾರಣೆಯಲ್ಲಿ ಮೈಸೂರಿನ ವ್ಯವಸಾಯ ಇಲಾಖೆಯು ಮೊದಲು ಕೈಗೊಂಡ ಕಾರ್ಯವೂ ಬಹುಮಟ್ಟಿಗೆ ಇದೇ ಬಗೆಯದು. ಊರ ಬೆಳೆಯೊಳಗಿಂದ ಉತ್ತಮವಾದ ಗಿಡಗಳನ್ನು ಆರಿಸಿ, ಒಂದೊಂದರ ಸಂತತಿಯನ್ನೂ ಬೇರೆಬೇರೆಯಾಗಿ ಬೆಳೆಸಿ ಪರೀಕ್ಷಿಸುತ್ತಿದ್ದರು. 1918ರಲ್ಲಿ ಹೊರಬಂದ ಎಚ್-22 ಎಂಬ ತಳಿಯು ಈ ಆಯ್ಕೆಯ ಫಲವು.

ಆಯ್ಕೆಯಿಂದ ಮುಂದಕ್ಕೆ ಹೋಗುವುದು ಕಠಿನವಾಗಿತ್ತು. ಏಕೆಂದರೆ ರಾಗಿಯ ಹೂವು ಅತಿಸೂಕ್ಷ್ಮವಾದುದು. ತನ್ನ ಪರಾಗದಿಂದಲೇ ಫಲಿಸುವಂಥದು. ಎರಡು ತಳಿಗಳನ್ನು ಮನುಷ್ಯನ ಕೈಯಿಂದ ಸಂಕರಗೊಳಿಸಲು ಅಪಾರವಾದ ತಾಳ್ಮೆ ಬೇಕು. ಮಂಡ್ಯದ ವಿ. ಸಿ. ಫಾರಮಿನಲ್ಲಿ ಈ ತಪಸ್ಸನ್ನು ಕೈಗೊಂಡವರು ಸಿ. ಎಚ್. ಲಕ್ಷ್ಮಣಯ್ಯನವರು, ಜನರು ಅವರನ್ನು 'ರಾಗಿ ಲಕ್ಷ್ಮಣಯ್ಯ' ಎಂದೇ ಕರೆದರು. ಮೊದಲು ದೇಶೀಯ ತಳಿಗಳನ್ನೇ ಕೂಡಿಸಿ ಅರುಣ, ಉದಯ, ಪೂರ್ಣ ಮೊದಲಾದವನ್ನು ಪಡೆದು, ತರುವಾಯ ಆಫ್ರಿಕದ ತಳಿಗಳನ್ನು ತರಿಸಿ ಸಂಕರಿಸಿದರು. ಇಂಡಿಯಾ, ಆಫ್ರಿಕ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳಿಂದ 'ಇಂಡಾಫ್' ಎಂಬ ನಾಮವಾಯಿತು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ರಾಘವನ ಹೆಸರನ್ನೇ ಪಡೆದ ಈ ಧಾನ್ಯದ ಮೂಲಸ್ಥಾನವು ಪೂರ್ವ ಆಫ್ರಿಕದ ಎತ್ತರದ ಸೀಮೆಯೆಂದು ಸಸ್ಯಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಹೀಗಿರಲಾಗಿ ಈ ಸಂಕರವು ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳ ಸಮಾಗಮವೆನ್ನಬಹುದು.

ಇಂಡಾಫ್ ತಳಿಗಳು 1970ರ ದಶಕದಿಂದ ಹೊಲಗಳಲ್ಲಿ ಹಬ್ಬಿದವು. ಅಧಿಕ ಇಳುವರಿಯು ಒಂದು ಕಾರಣವೆಂಬಲ್ಲಿ ಸಂಶಯವಿಲ್ಲ. ಆದರೆ ಅದೊಂದೇ ಅಲ್ಲ. ಸಂಕರಕ್ಕೆ ಅಡ್ಡಿಯಾಗಿದ್ದ ಆ ಹೂವಿನ ಸ್ವಭಾವವೇ ರೈತನಿಗೆ ವರವಾಯಿತು. ಸ್ಥಿರಗೊಂಡ ತಳಿಯ ಬೀಜವು ಮರುವರ್ಷವೂ ತಾಯಿಯ ಗುಣವನ್ನೇ ಕೊಡುವುದರಿಂದ, ಒಂದು ಸಲ ಸೇರುಬೀಜ ಸಿಕ್ಕಿದವನು ಮುಂದೆ ಅಂಗಡಿಯ ಹಂಗಿಲ್ಲದೆ ಬಿತ್ತಬಹುದು, ನೆರೆಯವನಿಗೂ ನೆಂಟನಿಗೂ ಕೊಡಬಹುದು. ಬೀಜವು ಇಲಾಖೆಯ ಗಾಡಿಯಲ್ಲಿ ಹೋದುದಕ್ಕಿಂತ ಮಡಿಲಿನಲ್ಲಿ ಹೋದುದೇ ಹೆಚ್ಚಾಗಿರಬೇಕು. ಧಾರವಾಡದಲ್ಲಿ 1972ರಲ್ಲಿ ಸಿದ್ಧವಾದ ವರಲಕ್ಷ್ಮಿ ಹತ್ತಿಯ ವಿಷಯವು ಬೇರೆ. ಅದರ ಬೀಜವನ್ನು ಪ್ರತಿವರ್ಷವೂ ಕೊಳ್ಳಬೇಕು. ಆದರೂ ರೈತರು ಕೊಂಡರು. ಹತ್ತಿಯು ಹಣದ ಬೆಳೆ, ರಾಗಿಯು ಮುದ್ದೆಯ ಬೆಳೆ; ಅದರ ಹುಲ್ಲು ದನದ ಪಾಲು. ಈ ಲೆಕ್ಕವನ್ನು ರೈತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತನಗೆ ಒಪ್ಪಿದ ಹೊಸತಿಗೂ ಅವನು ಅಂಟಿಕೊಂಡು ಕೂರಲಿಲ್ಲ. ಬೆಂಕಿರೋಗವನ್ನು ತಡೆಯಬಲ್ಲ ಜಿಪಿಯು-28 ಎಂಬ ತಳಿಯು 1990ರ ದಶಕದಲ್ಲಿ ಬೆಂಗಳೂರಿನಿಂದ ಹೊರಬಂದಾಗ ಇಂಡಾಫ್ ತಳಿಗಳಿದ್ದ ಹೊಲಗಳನ್ನು ಅದಕ್ಕೆ ಬಿಟ್ಟುಕೊಟ್ಟನು. ಆ ತಳಿಯ ವಂಶಾವಳಿಯಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಇವೆ.